ಸುಳಿವಿನೊಳಗಿನ ಕ್ರಿಸ್ಮಸ್

ಇಂಗ್ಲಿಷ್ ವರ್ಣಮಾಲೆಯನ್ನು ಎ ಯಿಂದ ಝಡ್‌ವರೆಗೆ ಒಂದೇ ಸಾಲಿನಲ್ಲಿ ಬರೆದು, ನಡುವೆ ಬರುವ ಎಲ್ ಅಕ್ಷರವನ್ನು ಮಾತ್ರ ಬಿಟ್ಟು, ಸಾಲಿನ ಕೊನೆಗೆ ಆವರಣದಲ್ಲಿ 4 ಎಂದು ನಮೂದಿಸಿದರೆ, ಇಂಗ್ಲಿಷ್ ಪದಬಂಧಗಳ ಲೋಕದಲ್ಲಿ ಬಹುಕಾಲದಿಂದ ಹೆಸರಾಗಿರುವ ಒಂದು ಸುಳಿವು ಸಿದ್ಧವಾಗುತ್ತದೆ. ಆವರಣದ ಅಂಕಿ ಉತ್ತರದಲ್ಲಿರುವ ಅಕ್ಷರಗಳ ಸಂಖ್ಯೆಯನ್ನು ಹೇಳುತ್ತದೆ. ಅದರ ಹೊರತು ಆ ಸಾಲಿನಲ್ಲಿ ಒಂದು ಪದವೂ ಇಲ್ಲ, ಅರ್ಥವಿದ್ದಂತೆಯೂ ತೋರುವುದಿಲ್ಲ. ಓದುಗ ಆ ಸಾಲನ್ನು ಮತ್ತೆ ಮತ್ತೆ ನೋಡಿ, ಕಾಣೆಯಾದ ಅಕ್ಷರವನ್ನು ಗುರುತಿಸಿ, ಎಲ್ ಇಲ್ಲವೆಂಬುದನ್ನು ಇಂಗ್ಲಿಷಿನಲ್ಲಿ ‘ನೋ ಎಲ್’ ಎಂದು ಬಾಯಿಬಿಟ್ಟು ಹೇಳಿಕೊಂಡಾಗ, ಕ್ರಿಸ್ಮಸ್ಸಿಗೆ ಫ್ರೆಂಚಿನಿಂದ ಬಂದ ಹೆಸರಾದ ‘ನೋಯೆಲ್’ ಕಿವಿಗೆ ಕೇಳಿಸುತ್ತದೆ. ಉಳಿದ ಅಕ್ಷರಗಳು 25, ಹಬ್ಬ ಬರುವುದು ಡಿಸೆಂಬರ್ 25ರಂದು ಎಂಬ ಹೊಂದಿಕೆ ತಾನಾಗಿ ಒದಗಿಬಂದದ್ದಾದರೂ ಸುಳಿವಿನ ಸೊಗಸನ್ನು ಅದು ಹೆಚ್ಚಿಸಿದೆ.

ಈ ಸುಳಿವು ಪದಬಂಧದ ನಿಯಮಗಳನ್ನು ಮುರಿದು ನಿಂತದ್ದು ಎಂಬುದನ್ನು ಗಮನಿಸಬೇಕು. ಬ್ರಿಟನ್ನಿನಲ್ಲಿ ಬೆಳೆದ ಗೂಢ ಪದಬಂಧದಲ್ಲಿ, ಅಂದರೆ ಸುಳಿವು ಮೇಲ್ನೋಟಕ್ಕೆ ಒಂದನ್ನು ಹೇಳುತ್ತ ಒಳಗೆ ಇನ್ನೊಂದನ್ನು ಸೂಚಿಸುವ ಬಗೆಯ ಪದಬಂಧದಲ್ಲಿ, ಪ್ರತಿಯೊಂದು ಸುಳಿವಿಗೂ ಎರಡು ಭಾಗಗಳಿರುತ್ತವೆ: ಒಂದು ಭಾಗ ಉತ್ತರದ ನೇರ ಅರ್ಥವನ್ನು ಕೊಡುತ್ತದೆ, ಇನ್ನೊಂದು ಭಾಗ ಆ ಪದವನ್ನು ಅಕ್ಷರಗಳಿಂದ ಕಟ್ಟುವ ಬಗೆಯನ್ನು ತಿಳಿಸುತ್ತದೆ, ಮತ್ತು ಈ ಎರಡರ ನಡುವಿನ ಗಡಿ ಎಲ್ಲಿದೆ ಎಂಬುದನ್ನು ಕಂಡುಹಿಡಿಯುವುದೇ ಬಿಡಿಸುವವನ ಮೊದಲ ಕೆಲಸವಾಗುತ್ತದೆ. ‘ಸಿಮೆನೀಸ್’ ಎಂಬ ಗುಪ್ತನಾಮದಲ್ಲಿ ದಿ ಅಬ್ಸರ್ವರ್ ಪತ್ರಿಕೆಗೆ 1939ರಿಂದ 1971ರವರೆಗೆ ಪದಬಂಧ ರಚಿಸಿದ ಡೆರಿಕ್ ಮ್ಯಾಕ್‌ನಟ್, 1966ರ ತಮ್ಮ ಪುಸ್ತಕದಲ್ಲಿ ಈ ನಿಯಮವನ್ನು ಖಚಿತಪಡಿಸಿದರು. ಸುಳಿವಿನಲ್ಲಿ ಸರಿಯಾದ ಅರ್ಥವಿರಬೇಕು, ನ್ಯಾಯವಾದ ಪದವಿನ್ಯಾಸವಿರಬೇಕು, ಇವೆರಡರ ಹೊರತು ಹೆಚ್ಚಿನ ಒಂದು ಪದವೂ ಇರಕೂಡದು ಎಂಬುದು ಅವರ ಮತ. ರಚನಕಾರ ಓದುಗನ ದಾರಿ ತಪ್ಪಿಸಬಹುದು, ಆದರೆ ಸುಳಿವಿನ ಅಕ್ಷರಶಃ ಓದು ಸತ್ಯವನ್ನೇ ಹೇಳಬೇಕು. ‘ನೋಯೆಲ್’ ಸುಳಿವಿನಲ್ಲಿ ಅರ್ಥದ ಭಾಗವೇ ಇಲ್ಲ. ಆದರೂ ಅದು ಅನ್ಯಾಯವೆನಿಸುವುದಿಲ್ಲ, ಏಕೆಂದರೆ ಡಿಸೆಂಬರ್ ತಿಂಗಳ ಪತ್ರಿಕೆಯಲ್ಲಿ ಅದನ್ನು ಕಂಡ ಓದುಗನಿಗೆ ಆ ಅರ್ಥವನ್ನು ಹಬ್ಬವೇ ಒದಗಿಸಿಕೊಟ್ಟಿರುತ್ತದೆ. ಹಬ್ಬದ ಪದಬಂಧಗಳ ಶಕ್ತಿ ಇರುವುದು ಇಲ್ಲಿಯೇ: ಹಬ್ಬವೆಂದರೆ ರಚಿಸುವವನಿಗೂ ಬಿಡಿಸುವವನಿಗೂ ಮೊದಲೇ ಗೊತ್ತಿರುವ ಒಂದು ಕಥೆ, ಒಂದು ಪದಸಂಪತ್ತು, ಮತ್ತು ಒಳ್ಳೆಯ ರಚನಕಾರ ಆ ಪರಿಚಿತ ಪದಗಳನ್ನೇ ಹಿಡಿದು ಅವು ಮೊದಲ ಬಾರಿ ಕಂಡಂತೆ ಹೊಸದಾಗಿ ತೋರಿಸುತ್ತಾನೆ.

ಪದಬಂಧ ಹುಟ್ಟಿದ್ದೂ ಕ್ರಿಸ್ಮಸ್ ಸಂಚಿಕೆಯಲ್ಲಿಯೇ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಆರ್ಥರ್ ವಿನ್ ಎಂಬ ಪತ್ರಕರ್ತ, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯ ಭಾನುವಾರದ ‘ಫನ್’ ಎಂಬ ಪುರವಣಿಗೆ ಹೊಸದೇನನ್ನಾದರೂ ಕೊಡಬೇಕಾಗಿ ಬಂದಾಗ ವಜ್ರಾಕೃತಿಯ ಒಂದು ಚೌಕಟ್ಟನ್ನು ರೂಪಿಸಿದರು. ಅದು 1913ರ ಡಿಸೆಂಬರ್ 21ರಂದು ‘ವರ್ಡ್ ಕ್ರಾಸ್’ ಎಂಬ ಹೆಸರಿನಲ್ಲಿ ಅಚ್ಚಾಯಿತು. ಚೌಕಟ್ಟಿನ ನಡುಭಾಗ ಖಾಲಿಯಾಗಿತ್ತು, ಮೇಲ್ಭಾಗದಲ್ಲಿ ಪುರವಣಿಯ ಹೆಸರಾದ ‘ಫನ್’ ಎಂಬ ಪದವನ್ನು ಮೊದಲೇ ತುಂಬಲಾಗಿತ್ತು, ಸುಳಿವುಗಳೆಲ್ಲ ಪದದ ಅರ್ಥವನ್ನು ನೇರವಾಗಿ ಕೇಳುವಂಥವಾಗಿದ್ದವು. ಕೆಲವೇ ವಾರಗಳಲ್ಲಿ ಅಚ್ಚುಮೊಳೆ ಜೋಡಿಸುವವರ ಕೈಯಲ್ಲಿ ಹೆಸರಿನ ಎರಡು ಪದಗಳು ಹಿಂದುಮುಂದಾಗಿ ‘ಕ್ರಾಸ್ ವರ್ಡ್’ ಆದವು, ಅದೇ ಹೆಸರು ಉಳಿಯಿತು. 1924ರಲ್ಲಿ ಸೈಮನ್ ಅಂಡ್ ಶೂಸ್ಟರ್ ಪ್ರಕಾಶನ ತನ್ನ ಮೊದಲ ಪುಸ್ತಕವಾಗಿ ಪದಬಂಧಗಳ ಸಂಗ್ರಹವನ್ನೇ, ಒಂದು ಪೆನ್ಸಿಲನ್ನು ಜೊತೆಗಿಟ್ಟು, ಹೊರತಂದ ಮೇಲೆ ಈ ಹವ್ಯಾಸ ಅಮೆರಿಕದಾದ್ಯಂತ ಹಬ್ಬಿತು.

ಅಟ್ಲಾಂಟಿಕ್ ದಾಟಿ ಬ್ರಿಟನ್ನಿಗೆ ಬಂದ ಮೇಲೆ ಪದಬಂಧದ ಸ್ವಭಾವ ಬದಲಾಯಿತು. ಎಡ್ವರ್ಡ್ ಪೊವಿಸ್ ಮ್ಯಾದರ್ಸ್ ಎಂಬ ಕವಿ ಹಾಗೂ ಅನುವಾದಕರು, ಸ್ಪೇನಿನ ಧರ್ಮವಿಚಾರಣೆಯ ಕ್ರೂರ ಅಧಿಕಾರಿಯ ಹೆಸರಾದ ‘ಟಾರ್ಕೆಮಾಡ’ ಎಂಬುದನ್ನು ಗುಪ್ತನಾಮವಾಗಿ ಇಟ್ಟುಕೊಂಡು, ಅರ್ಥವನ್ನು ನೇರವಾಗಿ ಕೇಳುವ ಪದ್ಧತಿಯನ್ನೇ ಕೈಬಿಟ್ಟು, ಶ್ಲೇಷೆ ಮತ್ತು ಅಕ್ಷರಚಮತ್ಕಾರಗಳಿಂದಲೇ ಸುಳಿವು ಕಟ್ಟಲು ತೊಡಗಿದರು. 1930ರ ಫೆಬ್ರವರಿ 1ರಂದು ಲಂಡನ್ನಿನ ದಿ ಟೈಮ್ಸ್ ಪತ್ರಿಕೆಯೂ ಪದಬಂಧವನ್ನು ಒಪ್ಪಿಕೊಂಡಿತು. ಬ್ರಿಟನ್ನಿನ ಪತ್ರಿಕೆಗಳು ಕ್ರಿಸ್ಮಸ್ ವಾರಕ್ಕೆಂದೇ ದಿನನಿತ್ಯದ್ದಕ್ಕಿಂತ ಬಹಳ ದೊಡ್ಡ ಚೌಕಟ್ಟಿನ ವಿಶೇಷ ಪದಬಂಧಗಳನ್ನು ಪ್ರಕಟಿಸುವ ರೂಢಿ ಕ್ರಮೇಣ ಬೆಳೆಯಿತು. ರಜೆಯಲ್ಲಿ ಮನೆಗೆ ಬಂದ ಮಕ್ಕಳು, ಅಜ್ಜ ಅಜ್ಜಿ, ನೆಂಟರು ಒಂದೇ ಪುಟದ ಸುತ್ತ ಕುಳಿತು ದಿನಗಟ್ಟಲೆ ಬಿಡಿಸಲು ಆಗುವಂತೆ ಅವುಗಳನ್ನು ಹೆಣೆಯಲಾಗುತ್ತದೆ. ಒಬ್ಬರಿಗೆ ಬೈಬಲ್ ಗೊತ್ತು, ಒಬ್ಬರಿಗೆ ಕ್ರಿಕೆಟ್, ಇನ್ನೊಬ್ಬರಿಗೆ ಹಾಡು. ಒಂಟಿಯಾಗಿ ಕುಳಿತು ಆಡುವ ಆಟ ಆ ಒಂದು ವಾರ ಮನೆಮಂದಿಯ ಆಟವಾಗುತ್ತದೆ.

ಇಂಗ್ಲಿಷಿನ ಹಬ್ಬದ ಪದಗಳು ಅಕ್ಷರಪಲ್ಲಟಕ್ಕೆ, ಅಂದರೆ ಒಂದು ಪದದ ಅಕ್ಷರಗಳನ್ನು ಕಲಸಿ ಇನ್ನೊಂದು ಪದ ಮಾಡುವ ತಂತ್ರಕ್ಕೆ, ಆಶ್ಚರ್ಯ ಹುಟ್ಟಿಸುವಷ್ಟು ಒಗ್ಗುತ್ತವೆ. ನಿಶ್ಶಬ್ದವಾದ ಎಂಬ ಅರ್ಥದ ‘ಸೈಲೆಂಟ್’ ಪದದ ಆರು ಅಕ್ಷರಗಳನ್ನು ಅದಲುಬದಲು ಮಾಡಿದರೆ ಆಲಿಸು ಎಂಬ ಅರ್ಥದ ‘ಲಿಸನ್’ ಆಗುತ್ತದೆ, ಇನ್ನೊಮ್ಮೆ ಕಲಸಿದರೆ ಕ್ರಿಸ್ಮಸ್ ಮರಕ್ಕೆ ತೂಗಹಾಕುವ ಜರಿಯ ಎಳೆಗಳ ಹೆಸರಾದ ‘ಟಿನ್ಸಲ್’ ಆಗುತ್ತದೆ. 1818ರಲ್ಲಿ ಆಸ್ಟ್ರಿಯಾದ ಓಬೆರ್ನ್‌ಡಾರ್ಫಿನಲ್ಲಿ ಮೊದಲು ಹಾಡಲ್ಪಟ್ಟು ಲೋಕಪ್ರಸಿದ್ಧವಾದ ಕ್ರಿಸ್ಮಸ್ ಗೀತೆಯ ಇಂಗ್ಲಿಷ್ ಹೆಸರು ಈ ‘ಸೈಲೆಂಟ್’ ಪದದಿಂದಲೇ ಆರಂಭವಾಗುವುದರಿಂದ, ಮೌನ, ಆಲಿಕೆ, ಅಲಂಕಾರ ಈ ಮೂರೂ ಒಂದೇ ಅಕ್ಷರಗುಚ್ಛದಲ್ಲಿ ಸೇರಿಕೊಂಡಂತಾಗಿದೆ. ಕೊಟ್ಟಿಗೆಗೆ ಇಂಗ್ಲಿಷಿನಲ್ಲಿ ‘ಸ್ಟೇಬಲ್’ ಎನ್ನುತ್ತಾರೆ. ಅದೇ ಅಕ್ಷರಗಳಿಂದ ‘ಬ್ಲೀಟ್ಸ್’, ಅಂದರೆ ಕುರಿಗಳ ಕೂಗು, ಹುಟ್ಟುತ್ತದೆ. ಶಿಶುವನ್ನು ಮಲಗಿಸಿದ ಮೇವಿನ ತೊಟ್ಟಿಯಾದ ‘ಮೇಂಜರ್’ ಪದದಲ್ಲಿ ‘ಜರ್ಮನ್’ ಅಡಗಿದೆ. ‘ಕ್ರಿಸ್ಮಸ್’ ಎಂಬ ಪದದ ಒಂಬತ್ತು ಇಂಗ್ಲಿಷ್ ಅಕ್ಷರಗಳನ್ನು ಕಲಸಿದರೆ, ಹಣವನ್ನು ಕರಗಿಸುತ್ತದೆ ಎಂಬ ಅರ್ಥಕ್ಕೆ ಹತ್ತಿರವಾದ ‘ಟ್ರಿಮ್ಸ್ ಕ್ಯಾಶ್’ ಎಂಬ ಎರಡು ಪದಗಳು ಬರುತ್ತವೆ. ‘ಸಾಂಟಾ’ ಪದದ ಅಕ್ಷರಗಳಿಂದ ‘ಸೇಟನ್’, ಅಂದರೆ ಸೈತಾನ, ಆಗುತ್ತದೆಂಬುದು ಎಲ್ಲರಿಗೂ ಮೊದಲು ಹೊಳೆಯುವ ಪಲ್ಲಟ, ಆದ್ದರಿಂದಲೇ ಎಲ್ಲಕ್ಕಿಂತ ಸವೆದುಹೋದ ಪಲ್ಲಟ.

ಪಲ್ಲಟವೊಂದು ಸಿಕ್ಕಿದ ಮಾತ್ರಕ್ಕೆ ಒಳ್ಳೆಯ ಸುಳಿವು ಆಗುವುದಿಲ್ಲ. ಅಕ್ಷರಗಳನ್ನು ಕಲಸಬೇಕೆಂದು ಓದುಗನಿಗೆ ತಿಳಿಸುವ ಒಂದು ಸೂಚಕಪದ ಸುಳಿವಿನಲ್ಲಿ ಇರಲೇಬೇಕು, ಮತ್ತು ಹಬ್ಬದ ಇಂಗ್ಲಿಷ್ ಮಾತು ಇಂಥ ಸೂಚಕಗಳಿಂದ ತುಂಬಿಕೊಂಡಿದೆ. ‘ಮೆರಿ’ ಎಂದರೆ ಉಲ್ಲಸಿತ, ಆದರೆ ಸ್ವಲ್ಪ ಕುಡಿದು ತೂರಾಡುವ ಸ್ಥಿತಿಗೂ ಅದೇ ಪದ. ಆದ್ದರಿಂದ ಹಬ್ಬದ ಶುಭಾಶಯದ ಮೊದಲ ಪದವೇ ಅಕ್ಷರಗಳನ್ನು ತೂರಾಡಿಸುವ ಆಜ್ಞೆಯಾಗಬಲ್ಲದು. ‘ಕ್ರ್ಯಾಕರ್ಸ್’ ಎಂದರೆ ಊಟದ ಮೇಜಿನ ಮೇಲೆ ಇಬ್ಬರು ಎಳೆದು ಸಿಡಿಸುವ ಕಾಗದದ ಸುರುಳಿಗಳು, ಆಡುಮಾತಿನಲ್ಲಿ ತಲೆಕೆಟ್ಟ ಎಂದೂ ಅರ್ಥ. ಅದೂ ಪಲ್ಲಟದ ಸೂಚಕವೇ. ಹೂರಣ ತುಂಬಿದ, ಸುತ್ತಿದ ಎಂಬ ಅರ್ಥದ ಪದಗಳು ಒಂದು ಪದದೊಳಗೆ ಇನ್ನೊಂದನ್ನು ಇಡಲು ಹೇಳುತ್ತವೆ, ಉಡುಗೊರೆಯ ಹೊದಿಕೆ ಬಿಚ್ಚಿದ ಎಂಬ ಪದ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ತೆಗೆಯಲು ಹೇಳುತ್ತದೆ. ‘ಪ್ರೆಸೆಂಟ್’ ಎಂಬುದು ಉಡುಗೊರೆಯೂ ಹೌದು, ವರ್ತಮಾನ ಕಾಲವೂ ಹೌದು. ಸಾಂಟಾ, ಮರ, ನಕ್ಷತ್ರ ಎಂದು ಹತ್ತು ಪದಗಳನ್ನು ಚೌಕಟ್ಟಿನಲ್ಲಿ ತುಂಬಿ ಅವುಗಳ ಅರ್ಥವನ್ನು ಮಾತ್ರ ಕೇಳುವ ಪದಬಂಧಕ್ಕೆ ಹಬ್ಬದ ಹೆಸರಿದ್ದರೂ ಹಬ್ಬದ ಜೀವವಿರುವುದಿಲ್ಲ. ಉತ್ತರ ಮಾತ್ರವಲ್ಲದೆ ಉತ್ತರಕ್ಕೆ ಒಯ್ಯುವ ಆಜ್ಞೆಯೂ ಹಬ್ಬದ ಸಂಭ್ರಮದಿಂದಲೇ ಬಂದಾಗ ಮಾತ್ರ ಸುಳಿವು ತನ್ನ ಸಂದರ್ಭಕ್ಕೆ ಸೇರಿದ್ದಾಗುತ್ತದೆ.

ಈ ಮಾತಿಗೆ ಅತ್ಯುನ್ನತ ನಿದರ್ಶನ ದೊರಕುವುದು ದಿ ಗಾರ್ಡಿಯನ್ ಪತ್ರಿಕೆಗೆ 1958ರಿಂದ ಪದಬಂಧ ರಚಿಸಿ ‘ಅರೌಕಾರಿಯ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಜಾನ್ ಗ್ರಹಾಂ ಅವರಲ್ಲಿ. 1921ರಲ್ಲಿ ಹುಟ್ಟಿದ ಗ್ರಹಾಂ ಆಂಗ್ಲಿಕನ್ ಸಭೆಯ ಪಾದ್ರಿಯೂ ಆಗಿದ್ದರು. ಅರೌಕಾರಿಯ ಎಂಬುದು ಒಂದು ಮರದ ಸಸ್ಯಶಾಸ್ತ್ರೀಯ ಹೆಸರು. ಕೋತಿಗೂ ಹತ್ತಲು ಸಮಸ್ಯೆಯಾಗುವಷ್ಟು ಮುಳ್ಳುಳ್ಳದ್ದೆಂದು ಇಂಗ್ಲಿಷಿನಲ್ಲಿ ಅದನ್ನು ಮಂಕಿ ಪಜಲ್ ಎಂದೂ, ಹುಟ್ಟಿದ ನಾಡಿನಿಂದ ಚಿಲಿ ಪೈನ್ ಎಂದೂ ಕರೆಯುತ್ತಾರೆ. ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಗೆ ಬರೆಯುವಾಗ ಗ್ರಹಾಂ ಬಳಸಿದ ‘ಸಿನಿಫೈಲ್’ ಎಂಬ ಹೆಸರು ಸಿನಿಮಾಪ್ರೇಮಿ ಎಂಬ ಅರ್ಥವನ್ನು ಕೊಡುತ್ತಿದ್ದರೂ, ಅದು ‘ಚಿಲಿ ಪೈನ್’ ಎಂಬ ಎರಡು ಪದಗಳ ಅಕ್ಷರಪಲ್ಲಟವೇ ಆಗಿತ್ತು.

ಗ್ರಹಾಂ ರಚಿಸಿದ ಕ್ರಿಸ್ಮಸ್ ಸುಳಿವೊಂದರ ಉತ್ತರ ಹನ್ನೆರಡು ಪದಗಳಷ್ಟು ಉದ್ದವಾದದ್ದು. ರಾತ್ರಿಯ ಹೊತ್ತು ನೆಲದ ಮೇಲೆ ಕುಳಿತು ಮಂದೆ ಕಾಯುತ್ತಿದ್ದ ಕುರುಬರನ್ನು ಕುರಿತ, ಇಂಗ್ಲಿಷ್ ಬಲ್ಲ ಅನೇಕ ಚರ್ಚುಗಳಲ್ಲಿ ಹಾಡುವ ಒಂದು ಹಳೆಯ ಗೀತೆಯ ಮೊದಲೆರಡು ಸಾಲುಗಳೇ ಆ ಉತ್ತರ. ಅವುಗಳಲ್ಲಿರುವ ಅಕ್ಷರಗಳು ಒಟ್ಟು 59. ಗ್ರಹಾಂ ಆ 59 ಅಕ್ಷರಗಳನ್ನೂ, ಒಂದನ್ನೂ ಹೆಚ್ಚುಕಡಿಮೆ ಮಾಡದೆ, ಮರುಜೋಡಿಸಿ ಇನ್ನೊಂದು ವಾಕ್ಯ ಮಾಡಿದರು. ದೇವದೂತರು ಹಾಡುತ್ತಿದ್ದಾರೆ, ಆಲಿಸಿರಿ, ಬಾಲಕನೊಬ್ಬನ ಇಳಿದುಬರುವಿಕೆಯಿಂದ ಲೋಕ ಮೇಲೆತ್ತಲ್ಪಟ್ಟಿತು ಎಂಬುದು ಆ ವಾಕ್ಯದ ತಾತ್ಪರ್ಯ. ಗಂಟೆಗಟ್ಟಲೆ ಅಕ್ಷರಗಳನ್ನು ಕಲಸಿದರೆ ಅರ್ಥವಿರುವ ಯಾವುದೋ ಒಂದು ವಾಕ್ಯ ಸಿಕ್ಕೀತು. ಆದರೆ ಕುರುಬರು ಆ ರಾತ್ರಿ ಕೇಳಿಸಿಕೊಂಡ ಸುದ್ದಿಯೇ, ಕುರುಬರನ್ನು ವರ್ಣಿಸುವ ಸಾಲಿನ ಅಕ್ಷರಗಳಲ್ಲಿ ಮೊದಲಿಂದಲೂ ಅಡಗಿತ್ತೆಂದು ತೋರಿಸಿಕೊಡುವುದು ಬೇರೆ ಮಟ್ಟದ ಸಾಧನೆ. ಇಳಿಯುವಿಕೆಯಿಂದ ಏರಿಕೆ ಎಂಬ ವಿರೋಧಾಭಾಸ ಕ್ರೈಸ್ತ ಧರ್ಮಶಾಸ್ತ್ರದ ನಡುವಿನ ಮಾತು. ಅದು ಪಾದ್ರಿಯಾಗಿದ್ದ ರಚನಕಾರನ ಕೈಯಲ್ಲಿ ಅಕ್ಷರಗಳ ಲೆಕ್ಕಕ್ಕೂ ಚ್ಯುತಿಯಿಲ್ಲದೆ, ನಂಬಿಕೆಗೂ ಚ್ಯುತಿಯಿಲ್ಲದೆ ಮೂಡಿಬಂದಿದೆ. ಪದಬಂಧ ಕಾಲಹರಣದ ಆಟ ಮಾತ್ರ ಎನ್ನುವವರು ಈ ಒಂದು ಸುಳಿವನ್ನು ಬಿಡಿಸಿ ನೋಡಬೇಕು. ಗ್ರಹಾಂ ತಮಗೆ ಕ್ಯಾನ್ಸರ್ ಬಂದಿರುವುದನ್ನೂ 2013ರ ಜನವರಿಯಲ್ಲಿ ಓದುಗರಿಗೆ ತಿಳಿಸಿದ್ದು ಪದಬಂಧದ ಸುಳಿವುಗಳ ಮೂಲಕವೇ. ಅದೇ ವರ್ಷದ ನವೆಂಬರಿನಲ್ಲಿ ಅವರು ತೀರಿಕೊಂಡರು.

ಹಬ್ಬವನ್ನು ಅಕ್ಷರಗಳಲ್ಲಿ ಅಡಗಿಸಿಡುವ ಈ ಪ್ರವೃತ್ತಿ ಪತ್ರಿಕೆಗಳಿಗಿಂತ ನೂರಾರು ವರ್ಷ ಹಳೆಯದು. ಕ್ರಿಸ್ಮಸ್ಸಿಗೆ ಮುಂಚಿನ ಏಳು ಸಂಜೆಗಳಲ್ಲಿ, ಡಿಸೆಂಬರ್ 17ರಿಂದ 23ರವರೆಗೆ, ಪಶ್ಚಿಮದ ಚರ್ಚುಗಳಲ್ಲಿ ಹಾಡುವ ಏಳು ಲ್ಯಾಟಿನ್ ಕೀರ್ತನೆಗಳಿವೆ. ಪ್ರತಿಯೊಂದೂ ‘ಓ’ ಎಂಬ ಸಂಬೋಧನೆಯಿಂದ ಆರಂಭವಾಗಿ, ಬರಲಿರುವ ಕ್ರಿಸ್ತನನ್ನು ಒಂದೊಂದು ಹೆಸರಿನಿಂದ ಕರೆಯುತ್ತದೆ. ಸಪಿಯೆಂತ್ಸಿಯ, ಅಂದರೆ ವಿವೇಕ. ಅದೊನಾಯ್, ಅಂದರೆ ಪ್ರಭು. ರಾದಿಕ್ಸ್, ಅಂದರೆ ಇಷಯನ ವಂಶದ ಬೇರು. ಕ್ಲಾವಿಸ್, ಅಂದರೆ ದಾವೀದನ ಬೀಗದ ಕೈ. ಓರಿಯೆನ್ಸ್, ಅಂದರೆ ಉದಯ. ರೆಕ್ಸ್, ಅಂದರೆ ಅರಸ. ಕೊನೆಯದು ಎಮ್ಮಾನುವೆಲ್, ದೇವರು ಜೊತೆಗಿದ್ದಾನೆ ಎಂಬ ಅರ್ಥದ ಹೆಸರು. ಈ ಏಳು ಹೆಸರುಗಳ ಮೊದಲ ಅಕ್ಷರಗಳನ್ನು ಕೊನೆಯ ಸಂಜೆಯಿಂದ ಹಿಂದಕ್ಕೆ ಓದುತ್ತ ಬಂದರೆ ‘ಎರೊ ಕ್ರಾಸ್’ ಎಂಬ ಎರಡು ಲ್ಯಾಟಿನ್ ಪದಗಳಾಗುತ್ತವೆ. ಅವುಗಳ ಅರ್ಥ, ನಾಳೆ ಇರುವೆನು. ಆರು ಸಂಜೆ ಹಾಡಿದವರಿಗೆ ಏನೂ ಗೋಚರಿಸದೆ, ಏಳನೆಯ ಕೀರ್ತನೆ ಸೇರಿ ಹಿಂತಿರುಗಿ ನೋಡಿದಾಗ ಮಾತ್ರ ಉತ್ತರ ದೊರಕುವ ಈ ಜೋಡಣೆ, ಕಾಯುವಿಕೆಯನ್ನೇ ವ್ರತವಾಗಿಸಿಕೊಂಡ ಆ ದಿನಗಳಿಗೆ ಬಹಳ ಒಪ್ಪುತ್ತದೆ. ಇದನ್ನು ಸಂಗ್ರಹಿಸಿದವರು ಬೇಕೆಂದೇ ಹೀಗೆ ಜೋಡಿಸಿದರೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇದೆಯಾದರೂ, ಏಳು ಅಕ್ಷರಗಳು ಒಂದು ಪೂರ್ಣ ವಾಕ್ಯವಾಗಿ, ಅದೂ ಹಬ್ಬದ ಆಶಯವನ್ನೇ ನುಡಿಯುವ ವಾಕ್ಯವಾಗಿ ನಿಂತಿರುವುದನ್ನು ಕಂಡರೆ ಉದ್ದೇಶವಿತ್ತೆಂದು ನಂಬುವುದೇ ಸಹಜವೆನಿಸುತ್ತದೆ.

ಆದಿಯ ಕ್ರೈಸ್ತರು ಮೀನಿನ ಚಿತ್ರವನ್ನು ತಮ್ಮ ಗುರುತಾಗಿಸಿಕೊಂಡಿದ್ದರ ಹಿಂದೆಯೂ ಇಂಥದೇ ಜೋಡಣೆಯಿದೆ. ಮೀನಿಗೆ ಗ್ರೀಕಿನಲ್ಲಿರುವ ‘ಇಕ್ಥೂಸ್’ ಎಂಬ ಪದದ ಐದು ಅಕ್ಷರಗಳು, ಯೇಸು ಕ್ರಿಸ್ತ, ದೇವರ ಮಗ, ರಕ್ಷಕ ಎಂಬ ಅರ್ಥದ ಐದು ಗ್ರೀಕ್ ಪದಗಳ ಮೊದಲಕ್ಷರಗಳಾಗಿವೆ. ಕ್ರಿಸ್ಮಸ್ಸನ್ನು ‘ಎಕ್ಸ್‌ಮಸ್’ ಎಂದು ಚಿಕ್ಕದಾಗಿ ಬರೆಯುವುದು ಕ್ರಿಸ್ತನ ಹೆಸರನ್ನು ಅಳಿಸುವ ಇತ್ತೀಚಿನ ಅಂಗಡಿಗಳ ರೂಢಿಯೆಂದು ಹಲವರು ನೊಂದುಕೊಳ್ಳುತ್ತಾರೆ, ಆದರೆ ಆ ಎಕ್ಸ್ ಇಂಗ್ಲಿಷ್ ಅಕ್ಷರವೇ ಅಲ್ಲ. ಅದು ಗ್ರೀಕಿನ ‘ಖೈ’, ಕ್ರಿಸ್ತೋಸ್ ಎಂಬ ಹೆಸರಿನ ಮೊದಲಕ್ಷರ, ಮತ್ತು ಆ ಸಂಕ್ಷೇಪ ಶತಮಾನಗಳಷ್ಟು ಹಳೆಯದು. ಪದಬಂಧದವರಿಗೆ ಆ ಅಕ್ಷರ ಇನ್ನೊಂದು ರೀತಿಯಲ್ಲಿ ವರವಾಗಿದೆ: ಪತ್ರದ ಕೊನೆಯಲ್ಲಿ ಎಕ್ಸ್ ಎಂದು ಬರೆದರೆ ಇಂಗ್ಲಿಷರಲ್ಲಿ ಮುತ್ತು ಎಂದರ್ಥ, ‘ಮಾಸ್’ ಎಂದರೆ ಅಮ್ಮಂದಿರು, ಆದ್ದರಿಂದ ಅಮ್ಮಂದಿರಿಗೆ ಮುತ್ತು ಕೊಡುವ ಕಾಲ ಎಂದು ಸುಳಿವು ಕೊಟ್ಟರೆ ನಾಲ್ಕಕ್ಷರದ ಆ ಪದ ತಾನಾಗಿ ಮೂಡುತ್ತದೆ.

ಮನೆಮಾತಿನ ಮಟ್ಟದಲ್ಲಿಯೂ ಈ ಹಬ್ಬ ಶ್ಲೇಷೆಯ ಹಬ್ಬವೇ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಪ್ರಕಟಿಸಿದ ತನ್ನ ಕಿರುಕಾದಂಬರಿಗೆ ‘ಎ ಕ್ರಿಸ್ಮಸ್ ಕ್ಯಾರಲ್’ ಎಂದು ಹಾಡಿನ ಹೆಸರಿಟ್ಟದ್ದರಿಂದ, ಅದರ ಭಾಗಗಳನ್ನು ಅಧ್ಯಾಯಗಳೆನ್ನದೆ ‘ಸ್ಟೇವ್’, ಅಂದರೆ ಹಾಡಿನ ಚರಣ, ಎಂದು ಕರೆದ. ಆ ಕಥೆಯ ಜಿಪುಣ ಸ್ಕ್ರೂಜ್ ಸತ್ತ ಗೆಳೆಯನ ಪ್ರೇತ ಎದುರು ನಿಂತಾಗ ಮೊದಲು ಮೊರೆಹೋಗುವುದೂ ಶ್ಲೇಷೆಗೇ. ಗೋರಿ ಎಂಬ ಇಂಗ್ಲಿಷ್ ಪದಕ್ಕೂ ಮಾಂಸದ ಸಾರಿನ ಹೆಸರಿಗೂ ಇರುವ ಧ್ವನಿಸಾಮ್ಯದಿಂದ ಅವನು ತನ್ನ ಭಯವನ್ನು ಮುಚ್ಚಿಕೊಳ್ಳಲು ನೋಡುತ್ತಾನೆ. ಲಂಡನ್ನಿನ ಮಿಠಾಯಿ ವ್ಯಾಪಾರಿ ಟಾಮ್ ಸ್ಮಿತ್ ಆ ದಶಕದಲ್ಲಿಯೇ ಕಾಗದದಲ್ಲಿ ಸುತ್ತಿದ ಮಿಠಾಯಿಗಳನ್ನು ಮಾರತೊಡಗಿ, ಒಳಗೆ ಪ್ರೇಮದ ನುಡಿಗಳ ಚೀಟಿಗಳನ್ನೂ ಇಡುತ್ತಿದ್ದ. ಎಳೆದಾಗ ಸಿಡಿಯುವ ಕ್ರ್ಯಾಕರ್ ಬೆಳೆದುಬಂದದ್ದು ಅದರಿಂದಲೇ, ಮತ್ತು ಇಂದು ಅದರಲ್ಲಿ ಸಿಗುವ ಚೀಟಿಗಳಲ್ಲಿ ಬಹುಪಾಲು ಶ್ಲೇಷೆಯ ಒಗಟುಗಳೇ ಇರುತ್ತವೆ. ಸಾಂಟಾ ಕ್ಲಾಸನ ಸಹಾಯಕರಿಗೆ ಏನೆನ್ನುತ್ತಾರೆ ಎಂಬ ಪ್ರಶ್ನೆಗೆ, ಅಧೀನ ಉಪವಾಕ್ಯಗಳು ಎಂಬ ಅರ್ಥದ ‘ಸಬಾರ್ಡಿನೇಟ್ ಕ್ಲಾಸಸ್’ ಎಂಬ ವ್ಯಾಕರಣದ ಉತ್ತರ ಅವುಗಳಲ್ಲಿ ಬಹಳ ಪ್ರಸಿದ್ಧ. ಹನ್ನೆರಡು ದಿನಗಳ ಉಡುಗೊರೆಗಳನ್ನು ಎಣಿಸುವ ಇಂಗ್ಲಿಷ್ ಗೀತೆ ಮೊದಲಿಗೆ ನೆನಪಿನ ಪರೀಕ್ಷೆಯ ಆಟವಾಗಿತ್ತು, ತಪ್ಪಿದವರು ದಂಡ ತೆರಬೇಕಾಗಿತ್ತು. ಅದರಲ್ಲಿ ಗೌಜಲಕ್ಕಿ ಪೇರ್ ಮರದಲ್ಲಿ ಕುಳಿತದ್ದಕ್ಕೆ, ಗೌಜಲಿನ ಫ್ರೆಂಚ್ ಹೆಸರಾದ ‘ಪೆರ್ದ್ರಿ’ ಮತ್ತು ಇಂಗ್ಲಿಷಿನ ‘ಪೇರ್ ಟ್ರೀ’ ಇವುಗಳ ಧ್ವನಿಸಾಮ್ಯವೇ ಕಾರಣವಿರಬೇಕೆಂದು ಊಹಿಸುವವರಿದ್ದಾರೆ.

ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯು ಕೂಡ 2015ರಲ್ಲಿ ತನ್ನ ನಿರ್ದೇಶಕರ ಕ್ರಿಸ್ಮಸ್ ಶುಭಾಶಯ ಪತ್ರದಲ್ಲಿ, ಚೌಕಗಳಿಗೆ ಕಪ್ಪು ತುಂಬುತ್ತ ಹೋದರೆ ಸಂಕೇತಚಿತ್ರವೊಂದು ಮೂಡುವ ಒಗಟನ್ನು ಪ್ರಕಟಿಸಿತು. ಲಕ್ಷಾಂತರ ಜನ ಅದರಲ್ಲಿ ಕೈಯಾಡಿಸಿದರು.

ಕನ್ನಡದಲ್ಲಿ ಇಂಥ ಸುಳಿವುಗಳು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಮೊದಲು ಚೌಕದ ಲೆಕ್ಕವನ್ನು ತಿಳಿಯಬೇಕು. ಇಂಗ್ಲಿಷ್ ಪದಬಂಧದ ಒಂದು ಚೌಕದಲ್ಲಿ ಬರಬಹುದಾದ ಅಕ್ಷರಗಳು 26 ಮಾತ್ರ. ಕನ್ನಡದಲ್ಲಿ 34 ವ್ಯಂಜನಗಳಿಗೆ 13 ಸ್ವರಗಳು ಸೇರಿ ಆಗುವ ಗುಣಿತಾಕ್ಷರಗಳೇ 442, ಒತ್ತಕ್ಷರಗಳು ಸೇರಿದರೆ ಅವು ಇನ್ನೂ ಬಹುಪಟ್ಟು ಹೆಚ್ಚುತ್ತವೆ. ಎಡದಿಂದ ಬಲಕ್ಕೆ ಹೋಗುವ ಪದವೂ ಮೇಲಿನಿಂದ ಕೆಳಕ್ಕೆ ಇಳಿಯುವ ಪದವೂ ಒಂದೇ ಗುಣಿತಾಕ್ಷರವನ್ನು ಹಂಚಿಕೊಳ್ಳಬೇಕಾದ್ದರಿಂದ ಕನ್ನಡದ ರಚನಕಾರನ ಕೆಲಸ ಬಹಳ ಇಕ್ಕಟ್ಟಿನದು. ಸಾವಿರಾರು ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆಯ ಪುಸ್ತಕ ಸೇರಿದ ಅ.ನಾ. ಪ್ರಹ್ಲಾದರಾವ್ ಅವರಂಥವರ ಪರಿಶ್ರಮವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಹಬ್ಬದ ಹೆಸರನ್ನೇ ತೆಗೆದುಕೊಂಡರೆ, ‘ಕ್ರಿಸ್ಮಸ್’ ಎಂದು ಒತ್ತಕ್ಷರದೊಂದಿಗೆ ಬರೆದಾಗ ಅದಕ್ಕೆ ಮೂರು ಚೌಕ ಸಾಕು, ಪತ್ರಿಕೆಗಳ ರೂಢಿಯಂತೆ ‘ಕ್ರಿಸ್‌ಮಸ್’ ಎಂದು ಬಿಡಿಸಿ ಬರೆದರೆ ನಾಲ್ಕು ಬೇಕು. ಎರಡರಲ್ಲಿಯೂ ಕೊನೆಯ ಚೌಕದಲ್ಲಿ ಸ್ವರವಿಲ್ಲದ ‘ಸ್’ ಉಳಿಯುತ್ತದೆ, ಅದನ್ನು ಹಂಚಿಕೊಳ್ಳಲು ಪೊಲೀಸ್, ಆಫೀಸ್, ಬಸ್ ಎಂಬಂಥ ಎರವಲು ಪದಗಳೇ ಬೇಕಾಗುತ್ತವೆ. ಬರೆದಂತೆ ಓದುವ, ಓದಿದಂತೆ ಬರೆಯುವ ಲಿಪಿಯಾದ್ದರಿಂದ, ‘ನೋಯೆಲ್’ ಮಾದರಿಯ, ಕಿವಿಗೊಂದು ಕಣ್ಣಿಗೊಂದು ಆಗುವ ಸುಳಿವಿಗೂ ಕನ್ನಡದಲ್ಲಿ ಎಡೆಯಿಲ್ಲ.

ಕಳೆದುಕೊಂಡದ್ದಕ್ಕಿಂತ ಹೆಚ್ಚಿನದನ್ನು ಕನ್ನಡ ಬೇರೊಂದು ಕಡೆಯಿಂದ ಪಡೆಯುತ್ತದೆ. ಅಲಂಕಾರಶಾಸ್ತ್ರ ಶ್ಲೇಷೆಯನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ: ಪದವನ್ನು ಒಡೆಯದೆ ಎರಡು ಅರ್ಥ ಹೊರಡಿಸುವುದು ಅಭಂಗಶ್ಲೇಷ, ಪದವನ್ನು ಒಡೆದು ಇನ್ನೊಂದು ಅರ್ಥ ಪಡೆಯುವುದು ಸಭಂಗಶ್ಲೇಷ. ಬ್ರಿಟನ್ನಿನ ರಚನಕಾರರು ಇಪ್ಪತ್ತನೆಯ ಶತಮಾನದಲ್ಲಿ ರೂಪಿಸಿಕೊಂಡ ಎರಡು ಮುಖ್ಯ ತಂತ್ರಗಳು, ದ್ವಂದ್ವಾರ್ಥದ ಸುಳಿವು ಮತ್ತು ಪದಜೋಡಣೆಯ ಸುಳಿವು, ಇವೇ. ಕನ್ನಡ ಕ್ರೈಸ್ತರ ಹಬ್ಬದ ಮಾತಿನಲ್ಲಿ ಇವೆರಡಕ್ಕೂ ಬೇಕಾದ ಸಾಮಗ್ರಿ ಹೇರಳವಾಗಿದೆ. ಕನ್ನಡ ಬೈಬಲಿನಲ್ಲಿ ಮೂಡಣ ದೇಶದಿಂದ ಬಂದ ಜ್ಞಾನಿಗಳು ‘ಜೋಯಿಸರು’, ಅವರು ತಂದ ಕಾಣಿಕೆಗಳು ಚಿನ್ನ, ಧೂಪ, ರಕ್ತಬೋಳ, ಶಿಶುವನ್ನು ಮಲಗಿಸಿದ ಮೇವಿನ ತೊಟ್ಟಿ ‘ಗೋದಲಿ’.

‘ಜೋಯಿಸರ ಕಾಣಿಕೆ, ಅಮ್ಮನ ಮುದ್ದಿನ ಕರೆ (2)’ ಎಂದರೆ ಚಿನ್ನ. ‘ತರಲೊಲ್ಲೆನೆಂದೂ ಜೋಯಿಸರನ್ನು ಕರೆತಂದವಳು (2)’ ಎಂದರೆ ತಾರೆ. ತರುವುದಿಲ್ಲ ಎಂಬುದಕ್ಕೆ ‘ತಾರೆ’ ಎಂಬ ನಿಷೇಧರೂಪ ಕನ್ನಡದಲ್ಲಿ ಇರುವುದರಿಂದ, ಕರೆತಂದ ನಕ್ಷತ್ರವೇ ತರಲೊಲ್ಲೆ ಎನ್ನುತ್ತದೆ. ‘ಗೋದಲಿಯಲ್ಲಿ ಮಲಗಿದ ಹಳಗನ್ನಡದ ಪದ್ಯ (2)’ ಎಂಬುದರ ಉತ್ತರ ಕಂದ, ಶಿಶುವೂ ಹೌದು, ಚಂಪೂಕಾವ್ಯಗಳನ್ನು ತುಂಬಿರುವ ಛಂದಸ್ಸೂ ಹೌದು. ಈ ಜೋಡಣೆ ಚರಿತ್ರೆಗೆ ಹೊರತಾದುದಲ್ಲ. ಕ್ರಿಸ್ತನ ಕಥೆಯನ್ನು 1862ರಲ್ಲಿ ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕನ್ನಡ ಪದ್ಯಕ್ಕೆ ತಂದ ಫರ್ಡಿನಾಂಡ್ ಕಿಟ್ಟೆಲ್ ಅವರೇ, ಕಂದಪದ್ಯದ ಲಕ್ಷಣ ಹೇಳುವ ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದರು. ‘ಹಸುವಿನ ಪಕ್ಕ ಮನದಲಿ ಮನವಿರದ ಶಿಶುವಿನ ತೊಟ್ಟಿಲು (3)’ ಎಂಬುದು ಸಭಂಗದ ಮಾದರಿ: ಹಸುವಿಗೆ ‘ಗೋ’, ‘ಮನದಲಿ’ ಎಂಬುದರಲ್ಲಿ ‘ಮನ’ ಹೋದರೆ ಉಳಿಯುವುದು ‘ದಲಿ’, ಎರಡೂ ಸೇರಿ ಗೋದಲಿ. ‘ಯಾರದೂ ತನ್ನದೆನ್ನದವನಲ್ಲಿ ಅಡಗಿರುವ ಸುದ್ದಿಗಾರ (2)’ ಎಂಬ ಸುಳಿವಿನ ಮೊದಲೆರಡು ಪದಗಳ ಸಂದಿಯಲ್ಲಿ, ಒಂದರ ಕೊನೆಯ ಅಕ್ಷರ ಮತ್ತು ಇನ್ನೊಂದರ ಮೊದಲ ಅಕ್ಷರ ಸೇರಿ ‘ದೂತ’ ಕುಳಿತಿದ್ದಾನೆ. ‘ತಿರುಗುವ ಭೂಮಿಗೆ ಬೀಳುವ ಮಂಜು (2)’ ಎಂದರೆ, ಭೂಮಿಯಾದ ‘ಮಹಿ’ ತಿರುಗಿ ‘ಹಿಮ’ವಾಗುತ್ತದೆ, ಹಿಮ ಬೇತ್ಲೆಹೇಮಿನ ಕಥೆಯದಲ್ಲ, ಯುರೋಪಿನ ಶುಭಾಶಯ ಪತ್ರಗಳ ಮೂಲಕ ಹಬ್ಬಕ್ಕೆ ಸೇರಿಕೊಂಡದ್ದು, ಆದರೂ ಇಂದು ಹಬ್ಬದ ಪದವೇ.

ಇವೆಲ್ಲಕ್ಕಿಂತ ಅಚ್ಚುಕಟ್ಟಾದುದು ಮೂರು ಪದಗಳ ಒಂದು ಸುಳಿವು: ‘ಕುರಿಯ ಕಂದನ ತಾಯಿ (3)’. ಕುರಿಯ ಕಂದ ಎಂದರೆ ಮರಿ, ಕುರಿಯ ಕಂದನ ಎಂದರೆ ‘ಮರಿಯ’, ತಾಯಿ ಎಂಬುದು ಅರ್ಥದ ಭಾಗ. ಉತ್ತರ, ಯೇಸುವಿನ ತಾಯಿಗೆ ಕನ್ನಡ ಕ್ರೈಸ್ತರು ಹೇಳುವ ಮರಿಯ ಎಂಬ ಹೆಸರು. ಕ್ರಿಸ್ತನನ್ನು ದೇವರ ಕುರಿಮರಿ ಎಂದು ಕರೆಯುವ ನಂಬಿಕೆಯಲ್ಲಿ ಈ ಸುಳಿವು ಇಡಿಯಾಗಿ ಓದಿದರೂ ಸತ್ಯ, ಒಡೆದು ಓದಿದರೂ ಸತ್ಯ. ಹೀಗೆ ಪದವಿನ್ಯಾಸವೂ ಅರ್ಥವೂ ಒಂದೇ ಮಾತಿನಲ್ಲಿ ಐಕ್ಯವಾಗುವುದನ್ನು ಗೂಢ ಪದಬಂಧದ ರಚನಕಾರರು ತಮ್ಮ ಕಲೆಯ ಶಿಖರವೆಂದು ಎಣಿಸುತ್ತಾರೆ, ಮತ್ತು ಕನ್ನಡದ ಷಷ್ಠಿ ವಿಭಕ್ತಿ ಅದನ್ನು ಇಷ್ಟು ಸರಳವಾಗಿ ದೊರಕಿಸಿಕೊಟ್ಟಿದೆ ಎಂಬುದು ಸಂತೋಷಪಡಬೇಕಾದ ಸಂಗತಿ.

ಪ್ರಾದೇಶಿಕ ನುಡಿಗಳ ಕಡೆ ತಿರುಗಿದರೆ ಸಾಮಗ್ರಿ ಇನ್ನೂ ಬೆಳೆಯುತ್ತದೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕುಸ್ವಾರ್ ಎಂಬ ಹೆಸರಿನ ಬಗೆಬಗೆಯ ತಿಂಡಿಗಳನ್ನು ಮಾಡಿ ನೆರೆಹೊರೆಗೆ ಹಂಚುತ್ತಾರೆ. ಅದರಲ್ಲಿ ನೆವ್ರಿ, ಗುಳಿಯೊಗಳ ಜೊತೆಗೆ, ಸುರುಳಿ ಸುತ್ತಿದ ಆಕಾರದಿಂದಾಗಿ ಹುಳುಗಳ ಹೆಸರನ್ನೇ ಪಡೆದ ‘ಕಿಡ್ಯೊ’ ಎಂಬ ಸಿಹಿಯೂ ಇರುತ್ತದೆ. ‘ಕೊಂಕಣಿಯ ಹುಳುಗಳು ಹಬ್ಬದ ತಟ್ಟೆಯಲ್ಲಿ ಸಿಹಿ (2)’ ಎಂಬ ಸುಳಿವನ್ನು ಕರಾವಳಿಯವರು ಒಡನೆ ಬಿಡಿಸುತ್ತಾರೆ, ಬಯಲುಸೀಮೆಯವರು ಕರಾವಳಿಯ ಗೆಳೆಯರನ್ನು ಕೇಳಬೇಕಾಗುತ್ತದೆ. ಅದೇ ಕರಾವಳಿಯ ಇನ್ನೊಂದು ಆಡುನುಡಿಯನ್ನು ಆಧರಿಸಿದ, ಮೂರು ಚೌಕಗಳ ಸುಳಿವೊಂದನ್ನು ಓದುಗರು ತಾವೇ ಬಿಡಿಸಬಹುದು: ‘ಕುಂದಾಪುರದಲ್ಲಿ ನೋಡಿ, ಕೆರೆಯ ಮೊದಲಲ್ಲಿ ಉಡುಗೊರೆ (3)’.